ಇದ್ದಿಲು ಮೋಟಾರಿಗೆ ನೇಯ್ದ ಚೀಲ

ಹೋದ ಶ್ರಾವಣದಲ್ಲಿ ಮೊಮ್ಮಗಳು ನನ್ನನ್ನು ತನ್ನ ಹೊಸ ಕಾರಿನಲ್ಲಿ ರೋಣದಿಂದ ಗಜೇಂದ್ರಗಡಕ್ಕೆ ಕರೆದುಕೊಂಡು ಹೋದಳು. ಅವಳು ರೋಣದಲ್ಲಿ ದನದ ಡಾಕ್ಟರು. ಕಾರು ಬ್ಯಾಟರಿಯದು. ಸದ್ದಿಲ್ಲ, ಹೊಗೆಯಿಲ್ಲ, ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ. “ಪೆಟ್ರೋಲ್ ಬ್ಯಾಡ, ಡೀಸೆಲ್ ಬ್ಯಾಡ, ನೋಡಜ್ಜಿ” ಎಂದು ದಾರಿಯುದ್ದಕ್ಕೂ ಹತ್ತು ಸಲ ಹೇಳಿದಳು, ತಾನೇ ಕೂತು ಮಾಡಿದವಳ ಹಾಗೆ. ನಾನು ಹೂಂ ಅಂದೆ. ಪೆಟ್ರೋಲಿಲ್ಲದೆ ಓಡುವ ಗಾಡಿಯನ್ನು ನಾನು ಅವಳಪ್ಪ ಹುಟ್ಟುವ ಮೊದಲೇ ನೋಡಿದ್ದೆ. ಬರೀ ನೋಡಿದ್ದಲ್ಲ, ಅದಕ್ಕೆ ಎತ್ತು ಹೂಡಿ ಎಳೆಯುವ ಹಾಗೆ ಮಾಡಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ತರಲು ಅವಳು ಇಳಿದಳು. ಬೆಳಗಿನಿಂದ ಜಿಟಿಜಿಟಿ ಮಳೆ. ಪಕ್ಕದಲ್ಲಿ ಇಸ್ತ್ರಿ ಮಾಡುವವನೊಬ್ಬ ತೊಯ್ದ ಇದ್ದಿಲನ್ನು ಪೆಟ್ಟಿಗೆಗೆ ತುಂಬಿ ಊದಿ ಊದಿ ಸುಸ್ತಾಗಿದ್ದ. ಬೆಂಕಿ ಹತ್ತಲೊಲ್ಲದು. ಹಸಿಹಸಿಯಾದ, ಕಹಿಯಾದ, ಗಂಟಲಿಗೆ ಅಂಟುವ ಒಂದು ವಾಸನೆ ಕಾರಿನ ಕಿಟಕಿಯಿಂದ ಒಳಗೆ ಬಂತು. ನನ್ನ ಮೈಯೆಲ್ಲ ಉರಿದುಹೋಯಿತು. ಗುರುಸಿದ್ದಪ್ಪ ಸಾಹುಕಾರ ಸತ್ತು ಯಾವ ಕಾಲವಾಯಿತೋ, ನಾನೇ ತೊಂಬತ್ತು ದಾಟಿದ್ದೇನೆ, ಆದರೂ ಆ ವಾಸನೆ ಬಂದರೆ ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ. ನನ್ನ ಹೆಸರು ಶಾಂತವ್ವ. ಇಟ್ಟವರು ನನ್ನ ಮುಖ ಸರಿಯಾಗಿ ನೋಡಿ ಇಟ್ಟಿರಲಿಕ್ಕಿಲ್ಲ.

ಐವತ್ತರ ದಶಕ ಆಗಷ್ಟೇ ಸುರುವಾಗಿತ್ತು. ನಮ್ಮ ಕಡೆಗೆ ಸರಕಾರಿ ಬಸ್ಸು ಇನ್ನೂ ಬಂದಿರಲಿಲ್ಲ. ಗಜೇಂದ್ರಗಡದಿಂದ ರೋಣ, ರೋಣದಿಂದ ನರಗುಂದ, ಮತ್ತೆ ಸಂಜೆಗೆ ವಾಪಸ್ಸು, ಹೀಗೆ ಓಡುತ್ತಿದ್ದದ್ದು ಗುರುಸಿದ್ದಪ್ಪ ಸಾಹುಕಾರನ ಒಂದೇ ಒಂದು ಮೋಟಾರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಎಲ್ಲರೂ ಬಸ್ಸಿನ ಬೆನ್ನಿಗೆ ಇದ್ದಿಲಿನ ಹಂಡೆ ಕಟ್ಟಿಸಿದ್ದರಂತೆ. ಯುದ್ಧ ಮುಗಿಯಿತು, ಉಳಿದವರು ಹಂಡೆ ಬಿಚ್ಚಿಸಿ ಪೆಟ್ರೋಲಿಗೆ ಹೋದರು. ನಮ್ಮ ಸಾಹುಕಾರ ಬಿಚ್ಚಿಸಲಿಲ್ಲ. ಪುಕ್ಕಟೆಯಂತೆ ಸಿಗುವ ಜಾಲಿಯ ಇದ್ದಿಲು ಬಿಟ್ಟು ಪೆಟ್ರೋಲು ಕುಡಿಸಲಿಕ್ಕೆ ತನಗೇನು ತಲೆ ಕೆಟ್ಟಿದೆಯೇ ಅನ್ನುತ್ತಿದ್ದ.

ಆ ಮೋಟಾರು ಹೊರಡುವುದೇ ಒಂದು ಪೂಜೆ. ಹಿಂದಿನ ಆಳೆತ್ತರದ ಹಂಡೆಗೆ ಇದ್ದಿಲು ಸುರಿದು, ಕೆಳಗೆ ಕಿಚ್ಚು ಕೊಟ್ಟು, ಪಕ್ಕದ ಪಂಖದ ಹಿಡಿಕೆಯನ್ನು ಅರ್ಧ ತಾಸು ತಿರುವಬೇಕು. ಗರಗರ ಸದ್ದಿಗೆ ಊರೇ ಏಳುತ್ತಿತ್ತು. ಇದ್ದಿಲು ಅರೆಬರೆ ಉರಿದಾಗ ಬರುವ ಗ್ಯಾಸು ಕೊಳವೆಯಲ್ಲಿ ಬಸ್ಸಿನ ಹೊಟ್ಟೆಯ ಕೆಳಗೆ ಸುತ್ತಾಡಿ ತಣ್ಣಗಾಗಿ, ಒಂದು ತಗಡಿನ ಡಬ್ಬಿಯೊಳಗಿನ ಬಟ್ಟೆಯ ಚೀಲದಲ್ಲಿ ಸೋಸಿ, ಆಮೇಲೆ ಇಂಜಿನ್ನಿಗೆ ಹೋಗುತ್ತಿತ್ತು. ಸೋಸದೆ ಹೋದರೆ ಬೂದಿ, ಮಸಿ ಎಲ್ಲ ಇಂಜಿನ್ನಿನ ಹೊಟ್ಟೆಗೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಡ್ರೈವರ್ ಹುಸೇನಸಾಬ. ಆ ಚೀಲದ ಬಟ್ಟೆ ನೇಯುತ್ತಿದ್ದವನು ನನ್ನಪ್ಪ, ಈರಪ್ಪ.

ನಮ್ಮದು ಗಜೇಂದ್ರಗಡದ ನೇಕಾರ ಓಣಿ. ಅಪ್ಪ ಸೀರೆ ನೇಯುವವನು; ಸೋಸುವ ಬಟ್ಟೆ ಎಂದರೆ ಸೀರೆಯ ನಡುವೆ ಒಂದು ಉಪಕಾರದ ಕೆಲಸ. ಆದರೆ ಅದನ್ನೂ ಅಪ್ಪ ಸೀರೆಯಷ್ಟೇ ಮನಸ್ಸಿಟ್ಟು ನೇಯುತ್ತಿದ್ದ. ದಪ್ಪ ನೂಲು, ನಡುವೆ ಗಾಳಿ ಹಾಯುವಷ್ಟು ಸಂದು, ಬೂದಿ ಹಾಯದಷ್ಟು ಬಿಗಿ. ನೇಯ್ದು ಮುಗಿದ ಮೇಲೆ ಗಂಜಿ ಹೋಗುವತನಕ ಮೂರು ಸಲ ಒಗೆದು, ನೆರಳಿಗೆ ಒಣಗಿಸಿ, ನನ್ನ ಕೈಯಿಂದ ಹೊಲಿಸಿ ಕೊಡುತ್ತಿದ್ದ. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ಹಾಗಾಗಿ ಲಾಳಿಯ ಕಂಡಿಕೆಗೆ ನೂಲು ಸುತ್ತುವುದರಿಂದ ಹಿಡಿದು ಮಗ್ಗದಲ್ಲಿ ಕೂರುವತನಕ ಎಲ್ಲ ಕೆಲಸ ಅಪ್ಪ ನನಗೇ ಕಲಿಸಿದ್ದ. ಇಪ್ಪತ್ತನೇ ವಯಸ್ಸಿಗೆ ಓಣಿಯಲ್ಲಿ ನನ್ನಷ್ಟು ಕೈ ಓಡುವ ಹೆಣ್ಣು ಇನ್ನೊಬ್ಬಳಿರಲಿಲ್ಲ. ಇದು ಜಂಬವಲ್ಲ, ಬೇಕಾದರೆ ಜಂಬವೇ ಅನ್ನಿ.

ಆ ವರ್ಷದ ಮಳೆಗಾಲದಲ್ಲಿ ಮಲಪ್ರಭೆ ಮೆಣಸಗಿಯ ಕಡೆ ದಂಡೆ ಮೀರಿ ಬಂತು. ಸಾಹುಕಾರನ ಇದ್ದಿಲು ಬರುತ್ತಿದ್ದದ್ದು ಅಲ್ಲಿಂದಲೇ, ಹೊಳೆದಂಡೆಯ ಜಾಲಿಗಿಡ ಸುಟ್ಟದ್ದು. ರಾಶಿಗಟ್ಟಲೆ ಇದ್ದಿಲು ಎರಡು ದಿನ ಹೊಳೆಯ ನೀರಿನಲ್ಲಿ ನಿಂತು, ರಾಡಿ ಮೆತ್ತಿಕೊಂಡು ಎದ್ದಿತು. ಯಾರಿಗೂ ಬೇಡವಾದ ಆ ರಾಶಿಯನ್ನು ಸಾಹುಕಾರ ಎತ್ತಿಸಿಕೊಂಡು ಬಂದು ಸೋರುವ ತನ್ನ ಗುಡಾರದಲ್ಲಿ ಒಟ್ಟಿದ. ಒಣಗಲು ಬಿಸಿಲೆಲ್ಲಿತ್ತು? ಹಾಗೇ ಹಂಡೆಗೆ ಸುರಿಸತೊಡಗಿದ. ಹುಸೇನಸಾಬ ಬೇಡ ಅಂದನಂತೆ. “ನೀ ಚಕ್ರಾ ತಿರುವು, ತಲಿ ತಿರುವಬ್ಯಾಡ” ಅಂದನಂತೆ ಸಾಹುಕಾರ.

ತೊಯ್ದ ಇದ್ದಿಲಿನಿಂದ ಗ್ಯಾಸಿಗಿಂತ ಹಬೆ ಜಾಸ್ತಿ ಬರುತ್ತದೆ. ಹಬೆಯ ಜೊತೆಗೆ ಅಂಟುಮಸಿ. ಒಗೆಯಲು ನಮ್ಮ ಮನೆಗೆ ಬರುತ್ತಿದ್ದ ಚೀಲಗಳು ಆ ದಿನಗಳಲ್ಲಿ ಬೂದಿಯ ಬದಲು ಬಂಡಿಯ ಕೀಲಿಗೆ ಹಚ್ಚುವ ಕಪ್ಪಿನಂಥದನ್ನು ಮೆತ್ತಿಕೊಂಡು ಬರುತ್ತಿದ್ದವು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ವಾಸನೆ, ನಾನು ಮೊದಲು ಹೇಳಿದ್ದು. ನಾನು ಒಂದು ಚೀಲವನ್ನು ಮೂಸಿ ಅಪ್ಪನ ಮುಂದೆ ಹಿಡಿದೆ. ಅಪ್ಪ “ಇದ್ದಲಿ ತೊಯ್ದಾವ. ಒಂದ ಮಾತ ಹೇಳಬೇಕು ಸಾವಕಾರಗ” ಅಂದ. ಹೇಳಲು ಹೋಗುವಷ್ಟರಲ್ಲಿ ರೋಣದ ಹತ್ತಿರ ಇಂಜಿನ್ನು ಗಕ್ಕನೆ ಹಿಡಿದುಕೊಂಡು ನಿಂತುಹೋಗಿತ್ತು.

ಗದಗಿನಿಂದ ಮಿಸ್ತ್ರಿ ಬಂದು ಬಿಚ್ಚಿ ನೋಡಿದ. ಒಳಗೆಲ್ಲ ಮಸಿ ಕಚ್ಚಿದೆ, ಗೆರೆ ಬಿದ್ದಿವೆ ಅಂದ. ಸಾಹುಕಾರನಿಗೆ ಅರ್ಧ ಊರಿನ ಮುಂದೆ ಏನಾದರೂ ಒಂದು ಕಾರಣ ಹೇಳಬೇಕಾಗಿತ್ತು. ಹೊಳೆ ಬಿಟ್ಟ ಕಸ ತುಂಬಿದ್ದೇ ಕಾರಣ ಎಂದರೆ ತಾನು ಜಿಪುಣ ಮಾತ್ರವಲ್ಲ, ದಡ್ಡ ಎಂದೂ ಆಗುತ್ತದೆ. ಅವನು ಚೀಲದ ಕಡೆ ಬೊಟ್ಟು ಮಾಡಿದ.

ಸಂತೆಯ ದಿನ ಮಧ್ಯಾಹ್ನ ನಮ್ಮ ಓಣಿಗೆ ಬಂದ. ಕೈಯಲ್ಲಿ ಅಪ್ಪ ನೇಯ್ದ ಚೀಲ. ಅಂಟುಮಸಿ ತಿಂದು ತೂತು ಬಿದ್ದದ್ದೋ, ಅವನೇ ಹರಿದದ್ದೋ, ನಡುವೆ ಒಂದು ಕಿಂಡಿ. ಗುಡಿಯ ಮುಂದಿನ ಕಟ್ಟೆಯ ಮೇಲೆ ನಿಂತು ಕೂಗಿದ: “ನೋಡ್ರಿ ನಿಮ್ಮ ಈರಪ್ಪನ ನೇಯ್ಗಿ! ಸೊಳ್ಳಿ ಪರದೆ ನೇಯ್ದಾನ! ನನ್ನ ಇಂಜಿನ್ ಕೊಂದಾನ!”

ನಮ್ಮ ಓಣಿಗೆ ಒಂದು ಪದ್ಧತಿಯಿತ್ತು. ಖೋಟಾ ನೇಯ್ದ ಬಟ್ಟೆಯನ್ನು ಯಾರಾದರೂ ತಂದು ತೋರಿಸಿದರೆ ಅದನ್ನು ಕಟ್ಟೆಯ ಕಂಬಕ್ಕೆ ಕಟ್ಟುವುದು. ನೇಯ್ದವನು ಎಲ್ಲರೆದುರು ತಪ್ಪೊಪ್ಪಿಕೊಂಡು ತನ್ನ ಕೈಯಾರೆ ಬಿಚ್ಚಬೇಕು, ಅಥವಾ ದೂರು ತಂದವನೇ ತನ್ನದು ಸುಳ್ಳು ಅಂತ ಬಿಚ್ಚಬೇಕು. ಅಲ್ಲಿಯವರೆಗೆ ನೇಯ್ದವನ ಮನೆಯ ಹಾಸು ಹೂಡಲು ಓಣಿಯವರು ಕೈ ಕೊಡುವುದಿಲ್ಲ. ಹಾಸು ಎಂದರೆ ಸೀರೆಯ ಉದ್ದದ ನೂಲು. ಬೆಳಗಿನ ತಂಪಿನಲ್ಲಿ ಅದನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಎಂಟು ಹತ್ತು ಜನರ ಕೈ ಬೇಕು. ಅಪ್ಪ ಮಗಳು ಇಬ್ಬರಿಂದ ಆಗುವ ಕೆಲಸವಲ್ಲ. ಹಾಸು ಇಲ್ಲದ ಮೇಲೆ ಮಗ್ಗಕ್ಕೆ ಉಣ್ಣಲು ಏನಿದೆ?

ಓಣಿಯ ಹಿರಿಯ ಮಲ್ಲೇಶಪ್ಪ ಕಾಕಾ ಅಪ್ಪನನ್ನು ಕೇಳಿದ: “ಈರಪ್ಪಾ, ತಪ್ಪಾತಂತಿ ಏನು? ಅಂದ್ಬಿಡು, ಬಿಚ್ಚಿ ಒಗದು ಕೈ ತೊಳಕೊಳ್ಳೂಣು.”

ಅಪ್ಪ ಅಂದ: “ಆಗಿದ್ರ ಅಂತಿದ್ನೋ ಅಣ್ಣಾ. ಆಗಿಲ್ಲ. ಇದ್ದಲಿ ತೊಯ್ದಾವ.”

“ಯಾರ ಇದ್ದಲಿ ತೊಯ್ದಾವ?” ಎಂದು ಸಾಹುಕಾರ ಮೈಮೇಲೆ ಬಂದವರ ಹಾಗೆ ಹಾರಾಡಿದ. ಹುಸೇನಸಾಬನ ಕಡೆ ಒಂದು ನೋಟ ಬಿಟ್ಟ. ಐದು ಮಕ್ಕಳ ತಂದೆ ಹುಸೇನಸಾಬ ನೆಲ ನೋಡಿದ. ಚೀಲ ಕಂಬಕ್ಕೆ ಏರಿತು.

ಆವತ್ತಿನಿಂದ ಅಪ್ಪ ಮಗ್ಗದ ಕುಣಿಗೆ ಇಳಿಯಲಿಲ್ಲ. ಮಗ್ಗದ ಮೇಲೆ ಹಳೆಯ ಹಾಸಿನ ನಾಲ್ಕಾರು ಮೊಳ ಉಳಿದಿತ್ತು, ಅದನ್ನೂ ಮುಟ್ಟಲಿಲ್ಲ. ಬಾಗಿಲಲ್ಲಿ ಕೂತು ಓಣಿಯ ಆಚೆ ತುದಿಯ ಕಂಬ ನೋಡುತ್ತಿದ್ದ. ನೇಕಾರ ಕೈ ಕಟ್ಟಿ ಕೂತರೆ ಅವನ ಕಾಲೂ ಒಣಗುತ್ತವೆ. ಎರಡು ತಿಂಗಳಲ್ಲಿ ಅಪ್ಪ ಮುದುಕನಾದ. ನನಗೆ ನರಗುಂದದ ಕಡೆಯಿಂದ ಮದುವೆಯ ಒಂದು ಮಾತು ಬಂದಿತ್ತು, ಅದು ಅದೇ ವಾರ ಸದ್ದಿಲ್ಲದೆ ಸತ್ತಿತು. ಅದೇನು ನನಗೆ ದೊಡ್ಡ ನಷ್ಟ ಅನಿಸಲಿಲ್ಲ, ಹುಡುಗನಿಗೆ ಮೀಸೆಗಿಂತ ಮಾತು ದೊಡ್ಡದಿತ್ತು. ಆದರೆ ಅಪ್ಪನ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಿದಾಗಲೆಲ್ಲ ನನ್ನೊಳಗೆ ಒಂದೇ ಮಾತು ಕುದಿಯುತ್ತಿತ್ತು: ಆ ಚೀಲವನ್ನು ಸಾಹುಕಾರನ ಕೈಯಿಂದಲೇ ಬಿಚ್ಚಿಸಬೇಕು. ಓಣಿ ನೋಡುತ್ತಿರಬೇಕು. ಅವನ ಮುಖ ಇದ್ದಿಲಾಗಬೇಕು.

ದೇವರು ಕಣ್ಣು ಬಿಟ್ಟ. ಇಂಜಿನ್ನು ರಿಪೇರಿಯಾಗಿ ಬಂತು, ಆದರೆ ಸೋಸುವ ಚೀಲಕ್ಕೆ ಬಟ್ಟೆ ಇಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ನೂಲಿಲ್ಲ, ಕೈ ನೋವು, ಮನೆಯಲ್ಲಿ ಹೆರಿಗೆ. ನಮ್ಮ ಮೇಲಿನ ಪ್ರೀತಿಯಿಂದಲ್ಲ. ನಾಳೆ ಇಂಜಿನ್ನು ಮತ್ತೆ ಕೆಟ್ಟರೆ ಕಂಬಕ್ಕೆ ತಮ್ಮ ಬಟ್ಟೆ ಏರುತ್ತದೆ ಎಂಬ ಹೆದರಿಕೆ. ಸಾಹುಕಾರ ಹಳೆಯ ಧೋತರ ಮಡಿಚಿ ಹೊಲಿಸಿ ಹಾಕಿದ, ನಾಲ್ಕು ದಿನಕ್ಕೆ ಹರಿಯಿತು. ದಸರೆ ಹತ್ತಿರ ಬಂದಿತ್ತು. ನರಗುಂದದಲ್ಲಿ ಅವನ ಹೊಸ ಬೀಗರು. ಹಬ್ಬಕ್ಕೆ ಅವರನ್ನು ತನ್ನದೇ ಮೋಟಾರಿನಲ್ಲಿ ಮೆರೆಸುತ್ತ ಕರೆತರಬೇಕೆಂಬ ಹುಚ್ಚು ಅವನಿಗೆ. ಕೊನೆಗೆ ನಮ್ಮ ಬಾಗಿಲಿಗೇ ಬಂದ. ಅಪ್ಪ ಒಳಗೆ ಎದ್ದು ಹೋದ. ನಾನು ಹೊಸ್ತಿಲಲ್ಲಿ ನಿಂತೆ.

“ಏನವ್ವಾ ಶಾಂತವ್ವಾ, ನೀನೂ ನೇಯತೀಯಂತಲ್ಲ. ಒಂದ ಚೀಲಾ ಮಾಡಿ ಕೊಡು. ಗಟ್ಟೀದು.”

“ಕಂಬಕ್ಕ ಕಟ್ಟೀರಲ್ರಿ, ಅದು ಗಟ್ಟಿ ಇದ್ದಿದ್ದಿಲ್ಲೇನ್ರಿ?”

“ಹಳೇದು ತಗೀಬ್ಯಾಡ. ನೀ ಚಲೋದು ಕೊಡು. ಆಮ್ಯಾಲ ನೋಡೂಣು.”

ಆಮ್ಯಾಲ ನೋಡೂಣು! ಆ ಮಾತಿಗೆ ನನ್ನ ತಲೆಯಲ್ಲಿ ಏನೋ ತಟ್ಟನೆ ಕೂತಿತು. ನಾನು ಭಾಳ ಮೆತ್ತಗೆ ಅಂದೆ, “ಆತ್ರಿ. ಗಟ್ಟೀದು ಬೇಕಂದ್ರಿ, ಗಟ್ಟೀದ ಕೊಡತೀನ್ರಿ. ಆದ್ರ ಓಣ್ಯಾಗಿನ ಹಿರೇರ ಮುಂದ ತಗೋಬೇಕ್ರಿ.” ಅವನು ಒಪ್ಪಿದ.

ಮಗ್ಗದ ಮೇಲೆ ಉಳಿದಿದ್ದ ಆ ನಾಲ್ಕಾರು ಮೊಳ ಹಾಸಿನಲ್ಲೇ ನೇಯ್ದೆ. ಅಪ್ಪ ದಪ್ಪ ನೂಲು ಹಾಕುತ್ತಿದ್ದಲ್ಲಿ ನಾನು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಸಣ್ಣ ನೂಲು ತೆಗೆದುಕೊಂಡೆ. ಕಂಡಿಕೆಗಳನ್ನು ನೀರಿನಲ್ಲಿ ನೆನೆಸಿಟ್ಟೆ. ತೊಯ್ದ ನೂಲು ಒತ್ತಿ ಕೂರುತ್ತದೆ. ಲಾಳಿ ಒಮ್ಮೆ ಹಾಯ್ದರೆ ಒಂದೇಟು ಹಾಕುವುದು ಪದ್ಧತಿ, ನಾನು ಎರಡೇಟು ಹಾಕಿದೆ. ಒಂದು ಸಾಹುಕಾರನಿಗೆ, ಇನ್ನೊಂದೂ ಸಾಹುಕಾರನಿಗೇ. ಮೂರು ದಿನ ಮನೆ ನಡುಗುವ ಹಾಗೆ ನೇಯ್ದೆ. ನನ್ನ ಜನ್ಮದಲ್ಲಿ ಅಷ್ಟು ಚಂದದ ಬಟ್ಟೆ ಅದಕ್ಕೆ ಮೊದಲೂ ನೇಯ್ದಿರಲಿಲ್ಲ, ಆಮೇಲೂ ನೇಯಲಿಲ್ಲ.

ಅಪ್ಪ ಎರಡನೇ ದಿನ ಬಂದು ಮಗ್ಗದ ಪಕ್ಕ ನಿಂತ. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ.

“ಯಾಕವ್ವಾ, ಎರಡೆರಡ ಏಟು?”

“ಗಟ್ಟಿ ಬೇಕಂತ ಅವಂಗ.”

“ಗಾಳಿ ಹಾಯಾಕ ಸಂದ ಬೇಕಲ್ಲ.”

“ನೀ ಸಂದ ಬಿಟ್ಟಿದ್ದಿ. ಏನ ಮಾಡಿದಾ ನೋಡಿದಿಲ್ಲ?”

ಅಪ್ಪ ಹೆಬ್ಬೆರಳು ತೆಗೆದು ಮತ್ತೆ ಬಾಗಿಲಿಗೆ ಹೋಗಿ ಕೂತ. ನೇಯ್ದು ಮುಗಿಸಿ ನಾನು ಆ ಬಟ್ಟೆಯನ್ನು ಒಗೆಯಲಿಲ್ಲ, ಹಾಸಿನ ಗಂಜಿ ಹಾಗೇ ಇತ್ತು. ಹಬೆ ಬಡಿದರೆ ಗಂಜಿ ಉಬ್ಬಿ ಉಳಿದ ಸಣ್ಣಪುಟ್ಟ ಸಂದೂ ಮುಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಹಬೆ ಬರುವುದು ಇದ್ದಿಲು ತೊಯ್ದಿದ್ದರೆ ಮಾತ್ರ. ಒಣ ಇದ್ದಿಲು ಹಾಕಿದರೆ ಈ ಚೀಲ ನಡೆಯುತ್ತದೆ, ಸುಳ್ಳನಾದರೆ ಮಾತ್ರ ಸಿಕ್ಕಿಬೀಳುತ್ತಾನೆ, ನನ್ನದೇನು ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ.

ಕಟ್ಟೆಯ ಮೇಲೆ ಹಿರಿಯರು ಕೂತರು. ಮಲ್ಲೇಶಪ್ಪ ಕಾಕಾ ಬಟ್ಟೆಯನ್ನು ಸೂರ್ಯನಿಗೆ ಹಿಡಿದು ನೋಡಿದ, ಬೆಳಕು ಬರಲಿಲ್ಲ. ಒಂದು ತಂಬಿಗೆ ನೀರು ಹೊಯ್ದ, ಬಟ್ಟೆ ನೀರನ್ನು ಎಷ್ಟೋ ಹೊತ್ತು ಬಟ್ಟಲಿನ ಹಾಗೆ ಹಿಡಿದು ನಿಂತಿತು. “ಇದರಾಗ ಒಂದ ಎಳೀ ತಪ್ಪ ತೋರಿಸಿದ್ರ ನಾ ಮಗ್ಗಾ ಬಿಡತೀನಿ” ಅಂದ ಕಾಕಾ. ಹುಸೇನಸಾಬ ಚೀಲವನ್ನು ಕೈಗೆ ತೆಗೆದುಕೊಂಡು ಬಾಯಿಗೆ ಹಚ್ಚಿ ಊದಿ ನೋಡಿದ. ನನ್ನ ಮುಖ ನೋಡಿದ. ನಾನೂ ಅವನ ಮುಖ ನೋಡಿದೆ. ಅವನು ಬಾಯಿ ಒರೆಸಿಕೊಂಡು ಚೀಲವನ್ನು ಮಡಿಚಿ ಬಗಲಲ್ಲಿಟ್ಟುಕೊಂಡ.

“ಇದ್ದಲಿ ಒಣಾ ಇರಬೇಕ್ರಿ ಸಾವಕಾರ್ರ,” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ತೊಯ್ದಿದ್ವಂದ್ರ ನಾ ಜವಾಬ್ದಾರಳಲ್ರಿ.”

“ನನ್ನ ಇದ್ದಲಿ ಯಾವತ್ತೂ ಒಣಾನ!” ಎಂದು ಅವನು ಕಟ್ಟೆ ಗುದ್ದಿ ಹೇಳಿದ. ನನಗೆ ಬೇಕಾಗಿದ್ದದ್ದು ಅಷ್ಟೇ ಮಾತು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಮೋಟಾರು ನರಗುಂದದಿಂದ ಬೀಗರನ್ನು ತುಂಬಿಕೊಂಡು ಹೊರಟಿತು. ಬಾಳೆಕಂಬ, ಚೆಂಡುಹೂವಿನ ಮಾಲೆ, ಮುಂದೆ ಕುಂಬಳಕಾಯಿ. ರೋಣದತನಕ ಸಪಾಟು ಎರೆಹೊಲದ ದಾರಿ, ಹೇಗೋ ತೇಕುತ್ತ ಬಂತಂತೆ. ಗಜೇಂದ್ರಗಡ ಇನ್ನೇನು ಬಂತು ಎನ್ನುವಾಗ ಒಂದು ಏರು ಇದೆ. ಅಲ್ಲಿ ನಿಂತಿತು. ನಡೆದು ಬಂದ ಪ್ರಯಾಣಿಕರಿಂದ ಸುದ್ದಿ ಓಣಿಗೆ ಬಂದದ್ದೇ ತಡ, ನಾನು ಕೈಯಲ್ಲಿದ್ದದ್ದು ಬಿಟ್ಟು ಓಡಿದೆ. ಅರ್ಧ ಓಣಿ ನನ್ನ ಹಿಂದೆ.

ನೋಡಬೇಕಿತ್ತು ನೀವು. ಮಸಿ ಬಳಿದ ಮುಖದಲ್ಲಿ ಸಾಹುಕಾರ ತಾನೇ ಪಂಖದ ಹಿಡಿಕೆ ತಿರುವುತ್ತಿದ್ದಾನೆ. ಜರಿಯ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿದೆ. ಹುಸೇನಸಾಬ ಚಾಲೂ ಮಾಡುತ್ತಾನೆ, ಮೋಟಾರು ಎರಡು ಮಾರು ಹೋಗಿ ಕೆಮ್ಮಿ ನಿಲ್ಲುತ್ತದೆ. ಬೀಗರು ಇಳಿದು ನೂಕಿದರು. ಬೀಗತಿ ರಸ್ತೆಯ ಪಕ್ಕ ಕಲ್ಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ನಮ್ಮ ಚಕ್ಕಡ್ಯಾಗ ಬಂದಿದ್ರ ಇಷ್ಟೊತ್ತಿಗೆ ಊಟಾ ಆಗತಿತ್ತು” ಅಂದಳು. ಕೊನೆಗೆ ಪಕ್ಕದ ಹೊಲದಿಂದ ಎರಡು ಜೋಡಿ ಎತ್ತು ತಂದು, ಮಿಣಿಹಗ್ಗ ಕಟ್ಟಿ, ಮೋಟಾರನ್ನು ಎಳೆಸಿದರು. ಮಾಲೆ ಹಾಕಿಕೊಂಡ ಮೋಟಾರು ಎತ್ತಿನ ಹಿಂದೆ ತಲೆ ತಗ್ಗಿಸಿಕೊಂಡು ಊರು ಹೊಕ್ಕಿತು. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕೆ. ಇವತ್ತಿಗೂ ಅದಕ್ಕಾಗಿ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ.

ಸಾಹುಕಾರ ಮೋಟಾರನ್ನು ನೇರವಾಗಿ ಕಟ್ಟೆಗೇ ಎಳೆಸಿಕೊಂಡು ಬಂದ. “ಮಗಳದೂ ಅದ ಹಣೇಬಾರ! ಇದನ್ನೂ ಕಟ್ರಿ ಕಂಬಕ್ಕ!” ಎಂದು ಕೂಗಿದ. ಆಗ ಹುಸೇನಸಾಬ ಡಬ್ಬಿ ಬಿಚ್ಚಿ ಚೀಲ ಹೊರಗೆ ತೆಗೆದ. ಎಲ್ಲರ ಮುಂದೆ ಅದನ್ನು ಎರಡೂ ಕೈಯಿಂದ ಹಿಂಡಿದ. ಕರಿಯ ನೀರು ಕಟ್ಟೆಯ ಕಲ್ಲಿನ ಮೇಲೆ ಧಾರೆಯಾಗಿ ಸುರಿಯಿತು.

“ಇದ್ದಲಿ ಒಣಾ ಇದ್ವಂದ್ರಿ,” ಅಂದ ಹುಸೇನಸಾಬ, ತಲೆಯೆತ್ತಿ. “ಇಷ್ಟ ನೀರ ಎಲ್ಲಿಂದ ಬಂತ್ರಿ ಸಾವಕಾರ್ರ?”

ಮಲ್ಲೇಶಪ್ಪ ಕಾಕಾ ನೀರಿನಲ್ಲಿ ಬೆರಳದ್ದಿ ಮೂಸಿ ನೋಡಿ, “ಹೊಳೀ ನೀರು” ಅಂದ. ಸಾಹುಕಾರ ಬೀಗರ ಕಡೆ ನೋಡಿದ, ಬೀಗರು ಗುಡಿಯ ಗೋಪುರ ನೋಡಿದರು. ಅವನು ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಹೋದ.

ಮೂರನೆಯ ದಿನ ಬನ್ನಿ ಹಬ್ಬ, ವಿಜಯದಶಮಿ. ನಮ್ಮ ಕಡೆ ಅವತ್ತು ಬನ್ನಿ ಎಲೆ ಕೊಟ್ಟು ‘ಬಂಗಾರದಾಂಗ ಇರೂಣು’ ಅಂದರೆ ಹಳೆಯ ಜಗಳ ಅಲ್ಲಿಗೆ ಮುಗಿಯಬೇಕು. ಬನ್ನಿ ಹಿಡಿದು ಬಂದವನನ್ನು ತಿರುಗಿಸಿ ಕಳಿಸುವುದು ದೊಡ್ಡ ಅಪಚಾರ. ಸಾಹುಕಾರ ಅದನ್ನು ಬಲ್ಲ. ಹೊತ್ತು ಇಳಿಯುವ ಮೊದಲು, ಓಣಿಯೆಲ್ಲ ಕಟ್ಟೆಯ ಸುತ್ತ ನೆರೆದಿದ್ದಾಗ, ಕೈಯಲ್ಲಿ ಬನ್ನಿ ಹಿಡಿದು ಬಂದ. ಒಂದು ಮಾತನ್ನೂ ಆಡದೆ, ತಪ್ಪನ್ನು ಎಲೆಯಲ್ಲಿ ಸುತ್ತಿ ಕೊಟ್ಟು ಹೋಗುವ ಲೆಕ್ಕ. ಅಪ್ಪನಿಗೆ ಕೊಡಲು ಬಂದ. ಅಪ್ಪ ಕೈ ಚಾಚಿದ. ನಾನು ನಡುವೆ ಹೋಗಿ ನಿಂತೆ.

“ಮೊದಲ ಬಾಯಿಲೆ ಹೇಳ್ರಿ. ಆಮ್ಯಾಲ ಬನ್ನಿ.”

“ಶಾಂತವ್ವಾ!” ಅಂದ ಅಪ್ಪ.

“ನೀ ಸುಮ್ಮನಿರಪ್ಪಾ. ಎರಡ ತಿಂಗಳ ಸುಮ್ಮನ ಇದ್ದಿ.”

ಸಾಹುಕಾರ ಸುತ್ತಲೂ ನೋಡಿದ. ನೂರು ಜನ. ಗಂಟಲು ಸರಿಮಾಡಿಕೊಂಡು, “ಹೊಳ್ಯಾಗ ತೊಯ್ದ ಇದ್ದಲಿ ಹಾಕಿದ್ದು ಖರೇ,” ಅಂದ. “ಈರಪ್ಪಂದು ತಪ್ಪಿದ್ದಿಲ್ಲ.”

“ಬಿಚ್ರಿ ಹಂಗಾರ,” ಅಂದೆ.

ಅವನು ಕಂಬದ ಹತ್ತಿರ ಹೋಗಿ, ಎರಡು ತಿಂಗಳ ಮಳೆಯಲ್ಲಿ ಬಿಗಿದುಕೊಂಡಿದ್ದ ಗಂಟನ್ನು ಉಗುರಿನಿಂದ ಕಿತ್ತು ಕಿತ್ತು ಬಿಚ್ಚಿದ. ನಾನು ಅಷ್ಟೂ ಹೊತ್ತು ಕಣ್ಣು ಮುಚ್ಚದೆ ನೋಡಿದೆ. ಅಂಥ ರುಚಿ ನಾನು ಯಾವ ಹಬ್ಬದ ಊಟದಲ್ಲೂ ಕಂಡಿಲ್ಲ. ಅವನು ಬಂದು ಅಪ್ಪನ ಕೈಯಲ್ಲಿ ಬನ್ನಿ ಇಟ್ಟ. ಅಪ್ಪ ತೆಗೆದುಕೊಂಡ. ನನಗೂ ಚಾಚಿದ. ನಾನು ಕೈ ಹಿಂದೆ ಕಟ್ಟಿಕೊಂಡೆ. ಅಪಚಾರವಾದರೆ ಆಗಲಿ ಅಂದುಕೊಂಡೆ.

ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಪ್ಪ ಕಟ್ಟೆಯ ಮೂಲೆಗೆ ಹೋಗಿ, ಹುಸೇನಸಾಬ ಹಿಂಡಿ ಎಸೆದಿದ್ದ ನನ್ನ ಚೀಲವನ್ನು ಎತ್ತಿಕೊಂಡ. ಒಣಗಿ ಹಪ್ಪಳದ ಹಾಗೆ ಸೆಟೆದಿತ್ತು. ಅದನ್ನು ಅದೇ ಕಂಬಕ್ಕೆ, ಅದೇ ಜಾಗದಲ್ಲಿ ಕಟ್ಟಿದ.

“ಈರಪ್ಪಾ, ಏನ ಮಾಡಾಕತ್ತಿ?” ಅಂದ ಮಲ್ಲೇಶಪ್ಪ ಕಾಕಾ.

“ಇದ್ದಲಿ ಅವರದು ತೊಯ್ದಿದ್ದು ಖರೇ ಅಣ್ಣಾ,” ಅಂದ ಅಪ್ಪ. “ಚೀಲಾ ನಮ್ಮದು ಗ್ಯಾಸ ಹಾಯಲಾರದಂಗ ನೇಯ್ದದ್ದು. ಇದೂ ಖರೇ. ಒಣಾ ಇದ್ದಲಿ ಹಾಕಿದ್ರೂ ಈ ಚೀಲಾ ಆ ಏರ ಹತ್ತಿಸ್ತಿದ್ದಿಲ್ಲ. ನನಗ ಗೊತ್ತಿತ್ತು. ನಾ ಸುಮ್ಮನ ಇದ್ದೆ. ಸೋಸೂದಕ್ಕ ನೇಯ್ದ ಬಟ್ಟಿ ಸೋಸಲಿಲ್ಲಂದ್ರ ಅದು ಖೋಟಾ ಬಟ್ಟಿನ. ನನ್ನ ಮನೀ ಮಗ್ಗದ್ದು, ನನ್ನ ತಪ್ಪು.” ಹಾ ಹೂ ಎನ್ನುವಷ್ಟರಲ್ಲಿ ತಾನೇ ಕಟ್ಟಿದ ಗಂಟನ್ನು ತಾನೇ ಬಿಚ್ಚಿದ.

ನನಗೂ ಗೊತ್ತಿತ್ತು. ಒಣ ಇದ್ದಿಲಾದರೆ ನಡೆಯುತ್ತದೆ ಎಂದು ನನಗೆ ನಾನು ಹೇಳಿಕೊಂಡದ್ದು ಸುಳ್ಳು. ಎರಡನೇ ಏಟು ಹಾಕುವಾಗಲೇ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾಗಿದ್ದ ಜಾಗವೇ ಅದು? ಅವನ ಎದುರಿಗೆ? ಸಾಹುಕಾರನ ಬಗ್ಗಿದ ತಲೆ ಸ್ವಲ್ಪ ಮೇಲೆದ್ದದ್ದನ್ನು ನಾನು ಕಂಡೆ. ನನ್ನ ಮೂರು ದಿನದ ನೇಯ್ಗೆ, ಎರಡು ತಿಂಗಳ ಕುದಿ, ಎಲ್ಲವನ್ನೂ ಅಪ್ಪ ಒಂದು ಉಸಿರಿನಲ್ಲಿ ಊದಿಬಿಟ್ಟಿದ್ದ. ಮಲ್ಲೇಶಪ್ಪ ಕಾಕಾ ಮಾತ್ರ ಮೀಸೆ ತೀಡಿಕೊಂಡು, “ಬಿಗೀ ನೇಯ್ದದ್ದಕ್ಕ ಕಂಬಕ್ಕ ಏರಿದ ಬಟ್ಟಿ ನನ್ನ ಜಲ್ಮದಾಗ ಇದ ಮೊದಲನೇದ್ದು” ಅಂದ. ಜನ ನಕ್ಕರು. ಸಾಹುಕಾರನೂ ನಕ್ಕ. ನಾನು ಮನೆಗೆ ಹೋದೆ.

ಮರುದಿನ ಬೆಳಗಿನ ತಂಪಿನಲ್ಲಿ ಹೊರಗೆ ಗದ್ದಲ ಕೇಳಿ ಬಾಗಿಲು ತೆಗೆದರೆ ಓಣಿಯ ಹತ್ತು ಹನ್ನೆರಡು ಜನ ಕೋಲು, ಕುಂಚ, ಗಂಜಿಯ ಗಡಿಗೆ ಹಿಡಿದು ನಿಂತಿದ್ದರು. ಅಪ್ಪನ ಹಾಸು ಹೂಡಲು ಬಂದಿದ್ದರು. ನನ್ನನ್ನು ಯಾರೂ ನೋಡಲಿಲ್ಲ, ಅಪ್ಪನನ್ನು ಹುಡುಕುತ್ತಿದ್ದರು. ಓಣಿಯ ಆ ತುದಿಯಿಂದ ಈ ತುದಿಗೆ ನೂಲು ಎಳೆದರು. ಒಂದು ತುದಿ ಹಿಡಿಯಲು ಕೈ ಕಡಿಮೆ ಬಿತ್ತು. ಮಲ್ಲೇಶಪ್ಪ ಕಾಕಾ “ಬಾರವ್ವಾ” ಅಂದ. ಹೋಗಿ ಹಿಡಿದೆ. ಅಪ್ಪ ಆ ತುದಿಯಿಂದ ಗಂಜಿ ತೀಡುತ್ತ ತೀಡುತ್ತ ನನ್ನ ಕಡೆಗೆ ಬಂದ. ಎರಡು ತಿಂಗಳು ಸತ್ತು ಬಿದ್ದಿದ್ದ ಆ ಕೈ ಈಗ ಹೇಗೆ ಓಡುತ್ತಿತ್ತೆಂದರೆ, ನನಗೆ ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು. ನನಗೆ ಬೇಕಾಗಿದ್ದದ್ದು ಅದೇ, ಆದರೆ ಅದನ್ನು ತಂದುಕೊಟ್ಟದ್ದು ನಾನಾಗಿರಲಿಲ್ಲ.

ನನ್ನ ಹತ್ತಿರ ಬಂದು, ಕುಂಚ ನಿಲ್ಲಿಸದೆ, ಅಪ್ಪ ಮೆಲ್ಲಗೆ ಕೇಳಿದ: “ನಿನ್ನೆ ನನಗ ಬನ್ನಿ ಕೊಡಲಿಲ್ಲಲ್ಲವ್ವಾ.”

“ನಿನ್ನಿಗೇ ಮುಗೀತು,” ಅಂದೆ.

“ಹುಣ್ಣಿಮಿತನಕಾ ಕೊಡಬಹುದು,” ಅಂದ ಅಪ್ಪ.

ನಾನು ಕೊಡಲಿಲ್ಲ.